ಜೋಳದಿಂದ ಸಕ್ಕರೆಗೆ: ಅಪಲಾಚಿಯಾ ಬೆಟ್ಟಗಳ ಬೆಳದಿಂಗಳ ಭಟ್ಟಿ

(ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಶಾರ್ಲಟ್‌ನಲ್ಲಿ, ಸುತ್ತಮುತ್ತಲಿನ ಕನ್ನಡಿಗರ ವಾರಾಂತ್ಯದ ಕೂಟದಲ್ಲಿ ಆಡಿದ ಮಾತು. ಕೇಳಿದವರು ಬರೆದುಕೊಡಿ ಎಂದದ್ದರಿಂದ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜಾರ್ಜಿಯಾ ರಾಜ್ಯದ ಉತ್ತರಕ್ಕೆ, ಅಮೆರಿಕದ ಪೂರ್ವ ಭಾಗದ ಅಪಲಾಚಿಯಾ ಬೆಟ್ಟಸಾಲು ಶುರುವಾಗುವ ಕಡೆ, ಡಾಸನ್‌ವಿಲ್ ಅನ್ನುವ ಸಣ್ಣ ಊರಿದೆ. ಅಲ್ಲಿಯ ಸ್ಮಶಾನದಲ್ಲಿ ಒಂದು ಗೋರಿಕಲ್ಲಿನ ಮೇಲೆ 1939ರ ಫೋರ್ಡ್ ಕಾರನ್ನು ಕೆತ್ತಿದ್ದಾರೆ. ಕಾರಿನ ಕಿಟಕಿ ಇರಬೇಕಾದ ಜಾಗದಲ್ಲಿ ಒಬ್ಬ ಹುಡುಗನ ಫೋಟೊ. ಹೆಸರು ಲಾಯ್ಡ್ ಸೀ. 1941ರ ಸೆಪ್ಟೆಂಬರ್ 1ರಂದು ಅಟ್ಲಾಂಟಾದ ಲೇಕ್‌ವುಡ್ ಮೈದಾನದಲ್ಲಿ ಕಾರು ಓಟ ಗೆದ್ದ. ಮರುದಿನ ಗುಂಡೇಟಿಗೆ ಸತ್ತ. ವಯಸ್ಸು 21. ಗುಂಡು ಹೊಡೆದವನು ಹತ್ತಿರದ ಸಂಬಂಧಿಕ. ಜಗಳ ಹತ್ತಿದ್ದು ಸಕ್ಕರೆಯ ಲೆಕ್ಕಕ್ಕೆ. ಭಟ್ಟಿಗೆಂದು ತಂದ ಸಕ್ಕರೆಯ ಸಾಲ ಯಾರ ಖಾತೆಗೆ ಬೀಳಬೇಕು ಎಂಬುದು ತೀರ್ಮಾನವಾಗದೆ ಒಂದು ಹೆಣ ಬಿತ್ತು.

ಈ ಬೆಟ್ಟಗಳ ಭಟ್ಟಿಯ ಕತೆಯನ್ನು ನಾನು ಸಕ್ಕರೆಯಿಂದ ಶುರು ಮಾಡುವುದಕ್ಕೆ ಕಾರಣವಿದೆ. ಮೊದಲು ಅಲ್ಲಿ ಸಕ್ಕರೆಯೇ ಇರಲಿಲ್ಲ. ಇದ್ದದ್ದು ಜೋಳ, ಅಂದರೆ ಮೆಕ್ಕೆಜೋಳ. ಜೋಳದ ಭಟ್ಟಿ ಇದ್ದಷ್ಟು ಕಾಲ ಅದು ರೈತನ ಕೈಯಲ್ಲಿತ್ತು. ಸಕ್ಕರೆ ಬಂದ ಮೇಲೆ ಭಟ್ಟಿ ಸಾಲ ಕೊಡುವವನ ಕೈಗೆ, ಸಾಗಿಸುವವನ ಕೈಗೆ, ಮಾಮೂಲು ತಿನ್ನುವವನ ಕೈಗೆ ಹೋಯಿತು. ಜೈಲು ಮಾತ್ರ ರೈತನ ಪಾಲಿಗೇ ಉಳಿಯಿತು. ಇವತ್ತು ಇದೊಂದನ್ನು ನಿಮಗೆ ಮನದಟ್ಟು ಮಾಡಿಸಬೇಕು ಅಂತ ಬಂದಿದ್ದೇನೆ.

ಈ ಮದ್ಯವನ್ನು ಇಲ್ಲಿ ಮೂನ್‌ಶೈನ್ ಅನ್ನುತ್ತಾರೆ, ಅಂದರೆ ಬೆಳದಿಂಗಳು. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ, ರಾತ್ರಿ ಹೊತ್ತು ಕಡಲ ತೀರದಲ್ಲಿ ಕದ್ದು ಇಳಿಸುತ್ತಿದ್ದ ಬ್ರಾಂಡಿಗೆ ಈ ಹೆಸರಿತ್ತು. ಅಲ್ಲಿಂದ ಇಲ್ಲಿಗೆ ಬಂತು. ಬೆಟ್ಟದ ಹಳಬರು ತಮ್ಮತಮ್ಮಲ್ಲಿ ಬ್ಲಾಕೇಡ್ ಅನ್ನುತ್ತಿದ್ದರು, ಕಾಯಿಸುವವನು ಬ್ಲಾಕೇಡರ್. ನಮ್ಮಲ್ಲಿ ಕಳ್ಳಭಟ್ಟಿ ಅನ್ನುತ್ತೇವೆ. ನಾನು ಸದ್ಯಕ್ಕೆ ಬರೀ ಭಟ್ಟಿ ಅನ್ನುತ್ತೇನೆ, ಯಾಕೆಂದರೆ ಆ ‘ಕಳ್ಳ’ ಯಾವಾಗ ಬಂದು ಅಂಟಿಕೊಂಡಿತು ಅನ್ನುವುದೇ ಇಲ್ಲಿ ಮುಖ್ಯ.

ಈ ಬೆಟ್ಟಗಳಿಗೆ ಹದಿನೆಂಟನೇ ಶತಮಾನದಲ್ಲಿ ಬಂದು ನೆಲೆಸಿದವರಲ್ಲಿ ದೊಡ್ಡ ಪಾಲು ಐರ್ಲೆಂಡಿನ ಉತ್ತರ ಭಾಗದ ಅಲ್‌ಸ್ಟರ್‌ನಿಂದ ಹೊರಟ ಸ್ಕಾಟಿಷ್ ಮೂಲದ ಬಡ ಕುಟುಂಬಗಳು. ಪೆನ್ಸಿಲ್ವೇನಿಯಾದಲ್ಲಿ ಇಳಿದು, ಗಾಡಿ ದಾರಿ ಹಿಡಿದು ದಕ್ಷಿಣಕ್ಕೆ ಬಂದರು. ಒಳ್ಳೆಯ ಬಯಲು ಭೂಮಿಯನ್ನು ಮೊದಲು ಬಂದವರು ಹಿಡಿದಿದ್ದರು. ಇವರಿಗೆ ಸಿಕ್ಕಿದ್ದು ಇಳಿಜಾರು. ಭಟ್ಟಿ ಇಳಿಸುವ ವಿದ್ಯೆ ಊರಿನಿಂದಲೇ ಬಂದಿತ್ತು, ಆದರೆ ಅದು ಬಾರ್ಲಿಯ ವಿದ್ಯೆ. ಈ ಮಣ್ಣಿನಲ್ಲಿ ಚೆನ್ನಾಗಿ ಬಂದದ್ದು ಇಲ್ಲಿಯ ಮೂಲನಿವಾಸಿಗಳು ತಲೆತಲಾಂತರದಿಂದ ಬೆಳೆಯುತ್ತಿದ್ದ ಮೆಕ್ಕೆಜೋಳ. ಸ್ಕಾಟ್ಲೆಂಡಿನ ಹಂಡೆಗೆ ಚೆರೋಕಿಗಳ ನೆಲದ ಜೋಳ ಬಿತ್ತು. ಇಲ್ಲಿಯ ಮದ್ಯ ಹುಟ್ಟಿದ್ದು ಹಾಗೆ.

ಯಾಕೆ ಕಾಯಿಸಿದರು? ಕುಡಿಯುವುದಕ್ಕೆ, ಸರಿ. ಆದರೆ ದೊಡ್ಡ ಕಾರಣ ರಸ್ತೆ. ಕುದುರೆ ಒಂದು ಸಲಕ್ಕೆ ನಾಲ್ಕು ಬುಶೆಲ್ ಧಾನ್ಯ ಹೊರುತ್ತಿತ್ತು, ಅಂದರೆ ಸುಮಾರು ಒಂದು ಕ್ವಿಂಟಲ್. ಅದೇ ಧಾನ್ಯವನ್ನು ವಿಸ್ಕಿ ಮಾಡಿ ಪೀಪಾಯಿಯಲ್ಲಿ ತುಂಬಿದರೆ ಅದೇ ಕುದುರೆ 24 ಬುಶೆಲ್‌ನಷ್ಟು ಬೆಳೆಯನ್ನು ಬೆನ್ನ ಮೇಲೆ ಹೊತ್ತು ಸಂತೆಗೆ ಇಳಿಯುತ್ತಿತ್ತು. ಆರು ಪಟ್ಟು. ಮೇಲಾಗಿ ಜೋಳಕ್ಕೆ ಇಲಿ ಬೀಳುತ್ತದೆ, ಹುಳ ಬೀಳುತ್ತದೆ, ಬೂಷ್ಟು ಹಿಡಿಯುತ್ತದೆ. ಮದ್ಯಕ್ಕೆ ಏನೂ ಆಗುವುದಿಲ್ಲ. ಉಪ್ಪು, ಕಬ್ಬಿಣ, ಮಕ್ಕಳ ಕಾಲಿಗೆ ಜೋಡು, ಭೂಕಂದಾಯದ ನಗದು, ಎಲ್ಲ ಅದರಿಂದಲೇ ಹುಟ್ಟಬೇಕಿತ್ತು. ಭಟ್ಟಿಯಲ್ಲಿ ಉಳಿದ ಗಸಿಯನ್ನು ಹಂದಿಗೆ ಹಾಕುತ್ತಿದ್ದರು.

ಇಷ್ಟು ಹೇಳುವಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೈ ಎತ್ತಿದರು. ಮಗಳ ಮನೆಗೆಂದು ಹಾವೇರಿ ಕಡೆಯಿಂದ ಬಂದವರು, ಸ್ವತಃ ಗೋವಿನಜೋಳ ಬೆಳೆಯುವವರು. “ಹಂಗಾರ ಇದು ಸೆರೆ ಕುಡಿಯೋ ಮಾತಲ್ರಿ, ರೇಟಿನ ಮಾತು” ಅಂದರು. ನಾನು ಒಂದು ಗಂಟೆ ಹೇಳಬೇಕೆಂದು ಸಿದ್ಧ ಮಾಡಿಕೊಂಡು ಬಂದದ್ದನ್ನು ಅವರು ಅಷ್ಟರಲ್ಲಿ ಹೇಳಿ ಮುಗಿಸಿದ್ದರು.

ಇನ್ನು ಸುಂಕ. 1791ರಲ್ಲಿ ಹೊಸ ಸರ್ಕಾರ ವಿಸ್ಕಿಯ ಮೇಲೆ ತೆರಿಗೆ ಹಾಕಿತು; ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಬೇಕಿತ್ತು, ಖಜಾನೆ ನೋಡಿಕೊಳ್ಳುತ್ತಿದ್ದವರು ಅಲೆಗ್ಸಾಂಡರ್ ಹ್ಯಾಮಿಲ್ಟನ್. ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ತಿರುಗಿಬಿದ್ದರು. 1794ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಸುಮಾರು 13,000 ಜನರ ಸೇನೆ ಕಟ್ಟಿಕೊಂಡು ಹೊರಟರು. ದಂಗೆ ಅಡಗಿತು. 1802ರಲ್ಲಿ ಅಧ್ಯಕ್ಷ ಜೆಫರ್ಸನ್ ಕಾಲಕ್ಕೆ ಆ ತೆರಿಗೆಯೇ ರದ್ದಾಯಿತು. ನಡುವೆ ಬ್ರಿಟನ್ ಜೊತೆಗಿನ 1812ರ ಯುದ್ಧದ ಖರ್ಚಿಗೆಂದು ಕೆಲವು ವರ್ಷ ಮತ್ತೆ ಬಂದು ಹೋದದ್ದು ಬಿಟ್ಟರೆ, 1862ರವರೆಗೆ ಬೆಟ್ಟದ ರೈತ ತನ್ನ ಜೋಳವನ್ನು ತನ್ನ ಹಂಡೆಯಲ್ಲಿ ಕಾಯಿಸಿದರೆ ಕೇಳುವವರಿರಲಿಲ್ಲ. ಎರಡು ತಲೆಮಾರು ಹಾಗೆ ಬದುಕಿತು. ಹಂಡೆ ಅಪ್ಪನಿಂದ ಮಗನಿಗೆ ಬರುವ ಆಸ್ತಿಯಾಗಿತ್ತು.

1862ರಲ್ಲಿ ಅಂತರ್ಯುದ್ಧದ ಖರ್ಚಿಗೆ ಗ್ಯಾಲನ್ನಿಗೆ 20 ಸೆಂಟ್ ತೆರಿಗೆ ಬಂತು. 1865ರ ಹೊತ್ತಿಗೆ ಅದು 2 ಡಾಲರ್ ಆಗಿತ್ತು. ಮೂರು ವರ್ಷದಲ್ಲಿ ಹತ್ತು ಪಟ್ಟು! ಯುದ್ಧ ಮುಗಿದ ಮೇಲೆ ದರ ಇಳಿಯಿತು, ಮತ್ತೆ ಏರಿತು, ಆದರೆ ತೆರಿಗೆ ಹೋಗಲಿಲ್ಲ. ಪರವಾನಗಿ, ಬಾಂಡು, ಲೆಕ್ಕದ ಪುಸ್ತಕ ಎಲ್ಲ ಬಂದವು. ದೊಡ್ಡ ಕಾರ್ಖಾನೆಗೆ ಇದು ಕಷ್ಟವಲ್ಲ. ಸುಗ್ಗಿ ಮುಗಿದ ಮೇಲೆ ಹತ್ತಾರು ಗ್ಯಾಲನ್ ಕಾಯಿಸುವವನಿಗೆ ಇದು ಮಾಡು ಇಲ್ಲವೆ ಬಿಡು ಅನ್ನುವ ಮಾತು. ಅವನು ಹಂಡೆಯನ್ನು ಹೊತ್ತು ಕಣಿವೆಯ ತಲೆಗೆ, ರೋಡೊಡೆಂಡ್ರಾನ್ ಪೊದೆಗಳ ಒಳಕ್ಕೆ ಹೋದ. ಅಪ್ಪ ಹಗಲು ಮಾಡಿದ್ದ ಕೆಲಸವನ್ನು ಮಗ ರಾತ್ರಿ ಮಾಡಬೇಕಾಯಿತು. ‘ಕಳ್ಳ’ ಅನ್ನುವ ಪದ ಭಟ್ಟಿಗೆ ಅಂಟಿದ್ದು ಆಗ.

ಅವರನ್ನು ಹುಡುಕಿಕೊಂಡು ಬರುವ ಕೇಂದ್ರದ ಅಧಿಕಾರಿಗಳಿಗೆ ಬೆಟ್ಟದವರು ಇಟ್ಟ ಹೆಸರು ರೆವೆನ್ಯೂವರ್. 1876ರಲ್ಲಿ ಗ್ರೀನ್ ರಾಮ್ ಎಂಬವರು ತೆರಿಗೆ ಇಲಾಖೆಯ ಆಯುಕ್ತರಾದ ಮೇಲೆ ದಾಳಿಗಳು ದಂಡಯಾತ್ರೆಯ ಹಾಗೆ ನಡೆದವು. ಎರಡೂ ಕಡೆ ಜನ ಸತ್ತರು. ನೆರೆಯವನ ಮೇಲೆ ಹಳೆ ಸೇಡು ಇದ್ದವನು ಹೋಗಿ ಸುಳಿವು ಕೊಡುತ್ತಿದ್ದ. ಒಂದೇ ಚರ್ಚಿಗೆ ಹೋಗುವ ಮನೆಗಳು ಮೂರು ತಲೆಮಾರು ಮಾತು ಬಿಟ್ಟವು. ಟೆನೆಸಿ ರಾಜ್ಯದ ಹ್ಯಾನ್‌ಕಾಕ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ), ನ್ಯೂಮನ್ಸ್ ರಿಡ್ಜ್ ಎಂಬ ಬೆಟ್ಟದ ಮೇಲೆ, ಮಹಾಲಾ ಮಲಿನ್ಸ್ ಎಂಬ ಹೆಣ್ಣುಮಗಳು ಮನೆಯಿಂದಲೇ ಮದ್ಯ ಮಾರುತ್ತಿದ್ದಳು. ಕಾಯಿಲೆಯಿಂದ ದೇಹ ವಿಪರೀತ ಬೆಳೆದು ಹೊರಗೆ ಓಡಾಡಲಾರದವಳು. ಬಂಧಿಸಲು ಹೋದ ಅಧಿಕಾರಿ ಬರಿಗೈಯಲ್ಲಿ ಇಳಿದು ಬಂದು, ಹಿಡಿಯಬಹುದು ಆದರೆ ಹೊತ್ತು ತರಲಾಗದು ಎಂದು ಹೇಳಿದನೆಂಬ ಮಾತು ಅಲ್ಲಿ ಇವತ್ತಿಗೂ ಚಾಲ್ತಿಯಲ್ಲಿದೆ. ಜನ ಅದನ್ನು ನಗುತ್ತಾ ಹೇಳುತ್ತಾರೆ. ನನಗೆ ಆ ಹೆಂಗಸು ಆ ಬೆಟ್ಟದ ನೆತ್ತಿಯಲ್ಲಿ ಮಕ್ಕಳುಮರಿ ಕಟ್ಟಿಕೊಂಡು ಬೇರೆ ಏನು ಮಾರಿ ಬದುಕಬಹುದಿತ್ತು ಅನ್ನುವುದೇ ಕಾಡುತ್ತದೆ. 1898ರಲ್ಲಿ ತೀರಿಕೊಂಡಳು.

ಈಗ ಹಂಡೆಯ ಹತ್ತಿರ ಹೋಗೋಣ. ಇದನ್ನು ನಿಧಾನವಾಗಿ ಹೇಳಬೇಕು, ಯಾಕೆಂದರೆ ವಿದ್ಯೆ ಇರುವುದು ಇಲ್ಲಿ.

ಮೊದಲು ಮೊಳಕೆ. ಒಂದಿಷ್ಟು ಜೋಳವನ್ನು ಗೋಣಿಯಲ್ಲಿ ಕಟ್ಟಿ, ಬೆಚ್ಚಗಿನ ನೀರು ಹನಿಸುತ್ತಾ, ಮೊಳಕೆ ಎರಡು ಇಂಚು ಬರುವವರೆಗೆ ಇಡುವುದು. ಆಮೇಲೆ ಒಣಗಿಸಿ ಒರಟಾಗಿ ಬೀಸುವುದು. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡುವ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದ ಜೋಳದ ಹಿಟ್ಟನ್ನು ನೀರಿನಲ್ಲಿ ಬೇಯಿಸಿ ಗಟ್ಟಿ ಅಂಬಲಿ ಮಾಡುತ್ತಾರೆ, ಕೋಲು ನೆಟ್ಟರೆ ನಿಲ್ಲುವಷ್ಟು ಗಟ್ಟಿ. ಅದು ಕೈ ತಡೆಯುವಷ್ಟು ಆರಿದಾಗ ಮೊಳಕೆ ಹಿಟ್ಟು ಹಾಕಿ ತಿರುವುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಕೋಲು ಹಗುರವಾಗುತ್ತದೆ, ಅಂಬಲಿ ನೀರಾಗುತ್ತದೆ, ಬೆರಳದ್ದಿ ನಾಲಿಗೆಗೆ ಹಚ್ಚಿದರೆ ಸಿಹಿ. ಹಿಟ್ಟಿನ ಪಿಷ್ಟವನ್ನು ಮೊಳಕೆಯ ಕಿಣ್ವ ಸಕ್ಕರೆಯಾಗಿ ಒಡೆದಿರುತ್ತದೆ. ಅಂಗಡಿಯ ಸಕ್ಕರೆ ಒಂದು ಕಾಳೂ ಇಲ್ಲದೆ!

ಪೀಪಾಯಿಗೆ ಸುರಿದು ಮುಚ್ಚಿದರೆ ಒಂದೆರಡು ದಿನದಲ್ಲಿ ಹುದುಗು ಏರುತ್ತದೆ. ಮೇಲೆ ದಪ್ಪ ಕೆನೆಯಂಥ ಪದರ ಕಟ್ಟುತ್ತದೆ, ಒಳಗಿನಿಂದ ಮಳೆ ಬಿದ್ದ ಹಾಗೆ ಸದ್ದು. ಪದರ ಒಡೆದು ತಳಕ್ಕೆ ಇಳಿದ ದಿನ ಅದು ಹದ. ಒಂದು ದಿನ ತಡವಾದರೆ ಹುಳಿ ತಿರುಗುತ್ತದೆ. ರೆವೆನ್ಯೂವರ್ ಸುಳಿದಾಡುತ್ತಿದ್ದರೂ ಸರಿ, ಮಗುವಿಗೆ ಜ್ವರ ಬಂದರೂ ಸರಿ, ಆ ದಿನ ಬೆಂಕಿ ಹಾಕಲೇಬೇಕು. ಎಷ್ಟೋ ಜನ ಸಿಕ್ಕಿಬಿದ್ದದ್ದು ಈ ಹದದ ದಿನಗಳಲ್ಲಿ.

ಹಂಡೆ ತಾಮ್ರದ್ದೇ ಆಗಬೇಕು. ಹುದುಗಿನಲ್ಲಿ ಹುಟ್ಟುವ ಗಂಧಕದ ವಾಸನೆಯನ್ನು ತಾಮ್ರ ಹೀರಿಕೊಳ್ಳುತ್ತದೆ. ಕುದಿ ಬರುವವರೆಗೆ ತಳ ಹಿಡಿಯದಂತೆ ತಿರುವಿ, ಆಮೇಲೆ ಮೇಲಿನ ಟೊಪ್ಪಿಗೆ ಕೂರಿಸಿ, ಸಂದಿಗಳಿಗೆ ರೈ ಎಂಬ ಧಾನ್ಯದ ಹಿಟ್ಟಿನ ಕಣಕ ಮೆತ್ತುತ್ತಾರೆ. ಶಾಖಕ್ಕೆ ಕಣಕ ರೊಟ್ಟಿಯಂತೆ ಬೆಂದು ಹಬೆ ಹೊರಹೋಗದಂತೆ ಕಚ್ಚಿಕೊಳ್ಳುತ್ತದೆ. ಹಬೆ ಕೊಳವೆಯಲ್ಲಿ ಹೋಗಿ ಒಂದು ಚಿಕ್ಕ ಪೀಪಾಯಿಯೊಳಗೆ ಬೀಳುತ್ತದೆ. ಅಲ್ಲಿ ದಪ್ ದಪ್ ಎಂದು ಗುದ್ದುವ ಸದ್ದು ಬರುವುದರಿಂದ ಅದಕ್ಕೆ ಥಂಪ್ ಕೆಗ್ ಅನ್ನುತ್ತಾರೆ, ಗುದ್ದುಪೀಪಾಯಿ. ಎರಡನೇ ಸಲ ಭಟ್ಟಿ ಇಳಿಸುವ ಕೆಲಸವನ್ನು ಅದು ಅದೇ ಉರಿಯಲ್ಲಿ ಮುಗಿಸಿಕೊಡುತ್ತದೆ. ಅಲ್ಲಿಂದ ಹಬೆ ತಾಮ್ರದ ಸುರುಳಿಗೆ ಇಳಿಯುತ್ತದೆ. ಸುರುಳಿಯ ಸುತ್ತ ಹಳ್ಳದ ನೀರು ಎಡೆಬಿಡದೆ ಹರಿಯಬೇಕು. ಅದಕ್ಕೇ ಭಟ್ಟಿ ಯಾವಾಗಲೂ ನೀರಿನ ಪಕ್ಕ, ಅದಕ್ಕೇ ರೆವೆನ್ಯೂವರ್‌ಗಳು ಹಳ್ಳದ ಜಾಡು ಹಿಡಿದೇ ಮೇಲೆ ಹತ್ತುತ್ತಿದ್ದರು. ಕಟ್ಟಿಗೆ ಪೂರ್ತಿ ಒಣಗಿರಬೇಕು. ಹಸಿ ಕಟ್ಟಿಗೆಯ ಹೊಗೆ ಕಣಿವೆಗೆಲ್ಲ ಕಾಣುತ್ತದೆ.

ಮೊದಲು ಬರುವ ಹನಿ ಮೂಗಿಗೆ ಹೊಡೆಯುತ್ತದೆ, ಅದನ್ನು ಚೆಲ್ಲಬೇಕು. ನಡುವಿನದು ಇಟ್ಟುಕೊಳ್ಳುವುದು. ಕೊನೆಯದು ಸಪ್ಪೆ. ಎಲ್ಲಿ ಕಡಿಯಬೇಕೆಂದು ಹೇಳುವ ಮೀಟರ್ ಇರಲಿಲ್ಲ. ಗಾಜಿನ ಜಾಡಿಗೆ ಹಿಡಿದು, ಒಂದು ಸಲ ಅಲ್ಲಾಡಿಸಿ, ಮೇಲೆ ಏಳುವ ಗುಳ್ಳೆಗಳನ್ನು ನೋಡುವುದು. ಅವರು ಅದನ್ನು ಬೀಡ್ ಅಂದರು, ಮಣಿ ಅನ್ನಬಹುದು. ಮಣಿ ಅರ್ಧ ಮೇಲೆ ಅರ್ಧ ಕೆಳಗೆ ನಿಂತರೆ ನೂರು ಪ್ರೂಫ್, ಅಂದರೆ ಅರ್ಧದಷ್ಟು ಆಲ್ಕೊಹಾಲ್. ಮಣಿ ಸಣ್ಣದಾದರೆ ಬಲ ಇಳಿಯಿತು ಎಂದು. ಅಕ್ಷರ ಬಾರದವನೂ ಈ ಮಣಿಯನ್ನು ಓದುತ್ತಿದ್ದ.

ಜೋಳದ ಕಾಲದ ವಿದ್ಯೆ ಇದು. ಇದರಲ್ಲಿ ಹೊರಗಿನಿಂದ ಕೊಳ್ಳಬೇಕಾದದ್ದು ತಾಮ್ರ ಒಂದೇ.

1920ರಲ್ಲಿ ಇಡೀ ದೇಶಕ್ಕೆ ಪಾನನಿಷೇಧ ಬಂತು. ಬೆಟ್ಟದ ಜನರೆಲ್ಲ ಇದಕ್ಕೆ ವಿರೋಧವಿದ್ದರು ಅಂದುಕೊಳ್ಳಬೇಡಿ. ನಾರ್ತ್ ಕ್ಯಾರೊಲಿನಾ 1908ರಲ್ಲೇ ಜನಮತ ಹಾಕಿ ಮದ್ಯ ನಿಲ್ಲಿಸಿತ್ತು. ಕುಡಿದು ಬಂದ ಗಂಡನ ಏಟು ತಿಂದ ಹೆಂಗಸರು, ಬ್ಯಾಪ್ಟಿಸ್ಟ್ ಚರ್ಚುಗಳು ಇದಕ್ಕಾಗಿ ಹೋರಾಡಿದ್ದವು, ಅವರ ನೋವು ನಿಜವಾದದ್ದು. ಆದರೆ ನಿಷೇಧದಿಂದ ನಗರಗಳ ಬಾಯಾರಿಕೆ ಕಡಿಮೆಯಾಗಲಿಲ್ಲ, ಬೆಲೆ ಏರಿತು. ಅಷ್ಟು ಬೇಡಿಕೆಯನ್ನು ಮೊಳಕೆ ಕಟ್ಟಿ, ಅಂಬಲಿ ಕಾಯಿಸಿ ಪೂರೈಸಲು ಯಾರಿಗೂ ಪುರುಸೊತ್ತಿರಲಿಲ್ಲ. ಪೀಪಾಯಿಗೆ ಸಕ್ಕರೆ ಸುರಿದರೆ ಕೆಲಸ ಬೇಗ, ಫಲ ಹೆಚ್ಚು. ಜೋಳ ಹೆಸರಿಗಷ್ಟೇ ಉಳಿಯಿತು.

ಸಕ್ಕರೆ ಬೆಟ್ಟದಲ್ಲಿ ಬೆಳೆಯುವುದಿಲ್ಲ. ರೈಲಿನಲ್ಲಿ ಬರಬೇಕು, ಅಂಗಡಿಯವನು ಸಾಲ ಕೊಡಬೇಕು, ಲಾರಿ ಬೇಕು, ದಾರಿಯಲ್ಲಿ ತಡೆಯುವವನ ಕೈ ಬೆಚ್ಚಗೆ ಮಾಡಬೇಕು. ವರ್ಜೀನಿಯಾದ ಫ್ರ್ಯಾಂಕ್ಲಿನ್ ಕೌಂಟಿಯಲ್ಲಿ ಇದೆಲ್ಲ 1935ರಲ್ಲಿ ರೊಯನೋಕ್ ನಗರದ ನ್ಯಾಯಾಲಯದಲ್ಲಿ ಹೊರಬಿತ್ತು. ಹೊಲಗದ್ದೆಗಳ ಆ ಒಂದು ಕೌಂಟಿಗೆ ಕೆಲವೇ ವರ್ಷಗಳಲ್ಲಿ ಬಂದಿಳಿದ ಸಕ್ಕರೆ 3 ಕೋಟಿ ಪೌಂಡಿಗೂ ಹೆಚ್ಚು. ಭಟ್ಟಿ ಇಡುವವರು ಕಾನೂನು ಕಾಯುವವರಿಗೆ ಕೊಡಬೇಕಿದ್ದ ಮಾಮೂಲಿಗೆ ಗ್ರ್ಯಾನಿ ಫೀ ಎಂಬ ಹೆಸರಿತ್ತು, ಅಜ್ಜಿ ಕಾಣಿಕೆ. ಕೊಟ್ಟವನ ಭಟ್ಟಿ ಉಳಿಯುತ್ತಿತ್ತು, ಕೊಡದವನದು ಒಡೆಯುತ್ತಿತ್ತು. ಮುಖ್ಯ ಸಾಕ್ಷಿಯಾಗಬಹುದಾಗಿದ್ದ ಒಬ್ಬ ಡೆಪ್ಯುಟಿ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಅಧಿಕಾರಿ, ವಿಚಾರಣೆಗೆ ಮೊದಲೇ, 1934ರಲ್ಲಿ, ಗುಂಡಿಗೆ ಬಲಿಯಾಗಿದ್ದ. ವಿಲ್ಲಿ ಕಾರ್ಟರ್ ಶಾರ್ಪ್ ಎಂಬ ಹೆಂಗಸು ಸಾಕ್ಷಿಕಟ್ಟೆಗೆ ಬಂದು, ಮದ್ಯದ ಕಾರುಗಳ ಸಾಲಿಗೆ ಮುಂದೆ ದಾರಿ ಮಾಡಿಕೊಡುವ ಕಾರನ್ನು ತಾನು ಓಡಿಸುತ್ತಿದ್ದೆ ಎಂದು ಎಲ್ಲರೆದುರು ಹೇಳಿದಳು. ವಿಚಾರಣೆ ವಾರಗಟ್ಟಲೆ ನಡೆದು ಹೆಚ್ಚಿನವರಿಗೆ ಶಿಕ್ಷೆಯಾಯಿತು. ಕೌಂಟಿಯ ಸರ್ಕಾರಿ ವಕೀಲ ಕಾರ್ಟರ್ ಲೀ ಖುಲಾಸೆಯಾದರು.

ವಿಷದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಕ್ಕರೆಯ ಜೊತೆಗೇ ಅವಸರ ಬಂತು. ತಾಮ್ರದ ಸುರುಳಿಯ ಬದಲು ಹಳೆ ಲಾರಿಯ ರೇಡಿಯೇಟರ್ ಜೋಡಿಸಿದರು. ಅದರ ಬೆಸುಗೆಯ ಸೀಸ ಮದ್ಯಕ್ಕೆ ಇಳಿದು ಕುಡಿದವರ ನರಗಳನ್ನು ತಿಂದಿತು. 1951ರ ಅಕ್ಟೋಬರ್‌ನಲ್ಲಿ ಅಟ್ಲಾಂಟಾದಲ್ಲಿ ಮೆಥನಾಲ್ ಬೆರೆಸಿದ ಮದ್ಯ ಕುಡಿದು 35ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಬಡ ಕರಿಯ ಜನ. ಜೋಳ ಹುದುಗಿದರೆ ಅಷ್ಟು ಮೆಥನಾಲ್ ಹುಟ್ಟುವುದಿಲ್ಲ. ಅದು ಕಾರ್ಖಾನೆಯ ಡ್ರಮ್ಮಿನಿಂದ ಬರುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರ ಪ್ರಾಣ ತೆಗೆದದ್ದೂ ಇದೇ ಮೆಥನಾಲ್. ಆ ವಾರವನ್ನು ಕಂಡವರು ಈ ಸಭೆಯಲ್ಲಿ ಇಬ್ಬರಿದ್ದರು. ಹೆಚ್ಚು ಮಾತಾಡಲಿಲ್ಲ. ತಲೆ ಆಡಿಸಿದರು.

ಮದ್ಯ ಸಾಗಿಸುವ ಕಾರು ಓಟದ ಮೈದಾನಕ್ಕೆ ಬಂದ ಕತೆ ನಿಮಗೆಲ್ಲ ಗೊತ್ತಿರುವುದೇ, ಅದೂ ಈ ಊರಿನಲ್ಲಿ ಕೂತು ಅದನ್ನು ಉದ್ದ ಮಾಡುವುದಿಲ್ಲ. 100 ಗ್ಯಾಲನ್ ಮದ್ಯ ಎಂದರೆ ಹೆಚ್ಚುಕಡಿಮೆ 350 ಕಿಲೋ. ಅಷ್ಟು ಭಾರಕ್ಕೆ ಕಾರಿನ ಹಿಂಭಾಗ ಕುಸಿದರೆ ಪೊಲೀಸರಿಗೆ ದೂರದಿಂದಲೇ ಗೊತ್ತಾಗುತ್ತದೆ. ಅದಕ್ಕೇ ಹಿಂದಿನ ಸ್ಪ್ರಿಂಗ್‌ಗಳನ್ನು ಬಿಗಿ ಮಾಡುತ್ತಿದ್ದರು. 1949ರ ಜೂನ್ 19ರಂದು ಕಾರು ಓಟ ನಡೆಸುವ ನಾಸ್ಕಾರ್ ಸಂಸ್ಥೆಯ ಮೊದಲ ಸ್ಟ್ರಿಕ್ಟ್ಲಿ ಸ್ಟಾಕ್ ಓಟ, ಅಂದರೆ ಮಾರಾಟಕ್ಕೆ ಬಂದ ಹಾಗೇ ಇರಬೇಕಾದ ಕಾರುಗಳ ಓಟ, ನಮ್ಮ ಶಾರ್ಲಟ್‌ನ ಮಣ್ಣಿನ ಹಾದಿಯಲ್ಲಿ ನಡೆಯಿತು. ಮೊದಲು ಬಂದವನು ಗ್ಲೆನ್ ಡನವೇ. ಓಟ ಮುಗಿದ ಮೇಲೆ ಕಾರು ಪರೀಕ್ಷಿಸಿದರೆ ಹಿಂದೆ ಭಟ್ಟಿ ಸಾಗಿಸುವವರ ಸ್ಪ್ರಿಂಗು! ಗೆಲುವು ರದ್ದಾಗಿ ಎರಡನೆಯವನಾದ ಕ್ಯಾನ್ಸಸ್‌ನ ಜಿಮ್ ರೋಪರ್‌ಗೆ ಹೋಯಿತು. ಕಾರಿನ ಮಾಲೀಕ 10,000 ಡಾಲರ್ ಕೇಳಿ ಮೊಕದ್ದಮೆ ಹೂಡಿದ, ನ್ಯಾಯಾಧೀಶರು ತಳ್ಳಿಹಾಕಿದರು.

ಇಲ್ಲಿಂದ ಉತ್ತರಕ್ಕೆ ಒಂದೂವರೆ ಗಂಟೆ ಹೋದರೆ ವಿಲ್ಕ್ಸ್ ಕೌಂಟಿ. ಮುಂದೆ ಕಾರು ಓಟಗಾರರಾದ ಜೂನಿಯರ್ ಜಾನ್ಸನ್ 1931ರಲ್ಲಿ ಅಲ್ಲಿ ಹುಟ್ಟಿದರು. ಅವರಿಗೆ ನಾಲ್ಕು ವರ್ಷವಾಗಿದ್ದಾಗ ಮನೆಯ ಮೇಲೆ ದಾಳಿಯಾಗಿ ರಾಶಿ ರಾಶಿ ಮದ್ಯ ಸಿಕ್ಕಿತ್ತು. ಅಪ್ಪನ ಬದುಕಿನ ದೊಡ್ಡ ಪಾಲು ಜೈಲಿನಲ್ಲೇ ಕಳೆಯಿತು. ಹದಿಹರೆಯದಲ್ಲೇ ಸ್ಟೀರಿಂಗ್ ಹಿಡಿದ ಈ ಹುಡುಗನನ್ನು ರಸ್ತೆಯ ಮೇಲೆ ಯಾರಿಗೂ ಹಿಡಿಯಲಾಗಲಿಲ್ಲ. ಸಿಕ್ಕಿಬಿದ್ದದ್ದು 1956ರಲ್ಲಿ, ಅಪ್ಪನ ಭಟ್ಟಿಗೆ ಬೆಂಕಿ ಹಾಕಲು ಹೋದಾಗ, ಕಾಲ್ನಡಿಗೆಯಲ್ಲಿ. ಒಹಾಯೊದ ಚಿಲಿಕೋತಿ ಜೈಲಿನಲ್ಲಿ 11 ತಿಂಗಳು ಇದ್ದರು. ಹೊರಗೆ ಬಂದು 1960ರ ಡೇಟೋನಾ 500 ಎಂಬ ದೊಡ್ಡ ಕಾರು ಓಟ ಗೆದ್ದರು, ಒಟ್ಟು 50 ಓಟ ಗೆದ್ದರು. 1986ರ ಡಿಸೆಂಬರ್ 26ರಂದು ಅಧ್ಯಕ್ಷ ರೇಗನ್ ಕ್ಷಮಾದಾನ ಕೊಟ್ಟರು. ಆಮೇಲೆ ಅವರ ಹೆಸರಿನಲ್ಲೇ ತೆರಿಗೆ ಕಟ್ಟಿದ ಮೂನ್‌ಶೈನ್ ಅಂಗಡಿಗೆ ಬಂತು. ಟೆನೆಸಿಯ ಭಟ್ಟಿ ಕಾನೂನು 2009ರಲ್ಲಿ ಸಡಿಲವಾಗಿ, ಮರುವರ್ಷ ಗ್ಯಾಟ್ಲಿನ್‌ಬರ್ಗ್‌ನಲ್ಲಿ ಪ್ರವಾಸಿಗರ ಮುಂದೆಯೇ ಹಂಡೆ ಕುದಿಯತೊಡಗಿತು. ಅದೇ 2009ರ ಮಾರ್ಚ್‌ನಲ್ಲಿ, ಅಲ್ಲಿಂದ ದೂರವೇನಲ್ಲದ ಪ್ಯಾರಟ್ಸ್‌ವಿಲ್‌ನಲ್ಲಿ, ಪಾಪ್‌ಕಾರ್ನ್ ಸಟನ್ ಎಂಬ ಹೆಸರಾಂತ ಭಟ್ಟಿಗಾರ 18 ತಿಂಗಳ ಜೈಲಿಗೆ ಹೋಗುವ ಬದಲು ತನ್ನ ಜೀವವನ್ನೇ ಕೊನೆ ಮಾಡಿಕೊಂಡಿದ್ದ. ಈ ಎರಡನ್ನೂ ಒಟ್ಟಿಗೆ ಹೇಳುವಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ. ಬಿಯರನ್ನು ಮನೆಯಲ್ಲಿ ಮಾಡಿಕೊಳ್ಳಲು ಸರ್ಕಾರ 1978ರಲ್ಲಿ ಒಪ್ಪಿತ್ತು. ಹಂಡೆಗೆ ಆ ದಯೆ ಸಿಕ್ಕಿರಲಿಲ್ಲ.

ಸಭೆಗೆ ನಾನು ಒಂದು ಜಾಡಿ ತುಂಬ ಬೀಜ ತಂದಿದ್ದೆ. ಹಿಕರಿ ಕಿಂಗ್ ಅನ್ನುವ ತಳಿ, ಬೆಟ್ಟದ ಭಟ್ಟಿಗಾರರು ಬಹಳ ಮೆಚ್ಚಿದ ಬಿಳಿ ಮೆಕ್ಕೆಜೋಳ. ಕಾಳು ಅಗಲ, ಚಪ್ಪಟೆ, ದಿಂಡು ಸಣ್ಣ. ಹಳೆಯ ತಳಿಗಳನ್ನು ಉಳಿಸುವವರು ಇದನ್ನು ಇನ್ನೂ ಬಿತ್ತುತ್ತಾರೆ. ಜಾಡಿ ಕೈಯಿಂದ ಕೈಗೆ ಹೋಗಿ ಹಾವೇರಿಯ ಹಿರಿಯರ ಹತ್ತಿರ ನಿಂತಿತು. ಒಂದು ಕಾಳನ್ನು ಬೆಳಕಿಗೆ ಹಿಡಿದು ನೋಡಿದರು, ಹಲ್ಲಿಗೆ ಹಾಕಿ ಕಡಿದರು, ಸ್ವಲ್ಪ ಹೊತ್ತು ಅಗಿದರು.

“ಇದರದ್ದು ರೊಟ್ಟಿ ಆಕ್ಕಾವೇನ್ರಿ?”

ಆಗುತ್ತದೆ ಅಂದೆ. ಆ ಮನೆಗಳಲ್ಲಿ ದಿನಾ ಆಗುತ್ತಿದ್ದದ್ದು ಅದೇ.

“ಎಕರೆಗೆ ಎಷ್ಟು ಬರತೈತಿ?” ಎಂದು ಕೇಳಿ, ಜಾಡಿಯನ್ನು ಪಕ್ಕದವರಿಗೆ ಕೊಟ್ಟರು. ಕಡಿದ ಕಾಳಿನ ಇನ್ನೊಂದು ಅರ್ಧ ಅವರ ಅಂಗೈಯಲ್ಲೇ ಇತ್ತು.